ಪೀಣ್ಯದಲ್ಲಿ ಕೈ ಕುಲುಕುತ್ತಿದ್ದವರು

ಕಳೆದ ತಿಂಗಳು ನನ್ನ ಫೋನಿಗೆ ಒಂದು ಫೋಟೋ ಬಂತು. ಘಾನಾ ದೇಶದ ಕುಮಾಸಿ ಎಂಬ ಊರಿನಲ್ಲಿ ನಡೆದ ಬೀಳ್ಕೊಡುಗೆ. ಅರುವತ್ತು ತುಂಬಿದ, ನರೆಗೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡ ಹೆಂಗಸೊಬ್ಬರು ಮೈಸೂರು ರೇಷ್ಮೆ ಸೀರೆಯ ಮೇಲೆ ಅಲ್ಲಿಯವರು ಹೊದಿಸಿದ ಬಣ್ಣದ ಪಟ್ಟೆಯ ವಸ್ತ್ರ ಹೊದ್ದು, ಮರ ಕೊಯ್ಯುವ ಕಾರ್ಖಾನೆಯ ಕೆಲಸಗಾರನೊಬ್ಬನ ಕೈ ಹಿಡಿದು ನಿಂತಿದ್ದಾರೆ. ನನ್ನ ಹೆಂಡತಿ ಕನ್ನಡಕ ಏರಿಸಿಕೊಂಡು ನೋಡಿ, "ಎಷ್ಟು ಪ್ರೀತಿಯಿಂದ ಕೈ ಕುಲುಕ್ತಿದ್ದಾರೆ ನೋಡಿ" ಅಂದಳು. ನಾನು ತಿದ್ದಲು ಹೋಗಲಿಲ್ಲ. ಪ್ರೀತಿಯೂ ಇರಬಹುದು. ಆದರೆ ಮುಖ್ಯವಾಗಿ ಅದು ತಪಾಸಣೆ.

ಇದು ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳ ನನ್ನಂಥ ಹಳಬರಿಗೆ ಮಾತ್ರ ಗೊತ್ತು. ನಾನು ಅಲ್ಲಿ ಎರಡನೇ ಹಂತದ ಒಂದು ಪ್ರೆಸ್ ಶಾಪಿನಲ್ಲಿ ಹಾಜರಿ, ರಜೆ ಬರೆದಿಡುವ ಟೈಮ್ ಕೀಪರ್ ಆಗಿದ್ದೆ. ಪ್ರೆಸ್ ಎಂದರೆ ಮುದ್ರಣಾಲಯವಲ್ಲ. ತಗಡನ್ನು ಒಂದೇ ಏಟಿಗೆ ಕತ್ತರಿಸಿ ಬಗ್ಗಿಸುವ ಯಂತ್ರ. ತಗಡಿಗೂ ಬೆರಳಿಗೂ ಅದು ಭೇದ ಎಣಿಸುವುದಿಲ್ಲ. ಆ ಮಟ್ಟಿಗೆ ಸಮದರ್ಶಿ. ಬೆರಳು ಕಳೆದುಕೊಂಡವರು ನಮ್ಮಲ್ಲಿ ಕೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದರು. ಹೊಸಬರು ನೋಡಿದರೆ ಪೀಣ್ಯದ ಗಂಡಸರೆಲ್ಲ ಬಹಳ ಠೀವಿಯವರೆಂದು ತಿಳಿಯಬೇಕು.

ಫೋಟೋದಲ್ಲಿರುವ ಈ ಮೇಡಂ ಆಗ ಬಾಗಲಗುಂಟೆಯಲ್ಲಿ ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲಿದ್ದ ಒಂದು ಸಣ್ಣ ಸೇವಾ ಸಂಸ್ಥೆಯವರು. ಕೆಲಸಗಾರರ ಕ್ಷೇಮ ವಿಚಾರಿಸುವುದು ಅವರ ಉದ್ಯೋಗ. ಬಸ್ಸಿಳಿದು ಧೂಳಿನಲ್ಲಿ ನಡೆದು ಬಂದು, ಒಳಗೆ ಕಾಲಿಟ್ಟವರೇ ಪ್ರತಿಯೊಬ್ಬನ ಮುಂದೆಯೂ ಬಲಗೈ ಚಾಚುತ್ತಿದ್ದರು. ಸಂಕೋಚದಿಂದ ಒಬ್ಬ ಕೈ ಕೊಟ್ಟರೆ, ಅದನ್ನು ಬಿಡದೆ, "ಅದನ್ನೂ ಕೊಡಿ" ಎಂದು ಎಡಗೈಯನ್ನೂ ಕೇಳುತ್ತಿದ್ದರು. ಹೆಂಗಸರು ಗಂಡಸರ ಕೈ ಕುಲುಕುವುದೇ ಒಂದು ಸೋಜಿಗವಾಗಿದ್ದ ಕಾಲ. ಎರಡೂ ಕೈ ಎಂದಾಗ ಶಾಪಿನಲ್ಲಿ ನಾಲ್ಕು ದಿನ ಅದೇ ಮಾತು.

"ನಮಸ್ಕಾರ ಮಾಡಿದ್ರೆ ಸಾಲದಾ ಮೇಡಂ?" ಎಂದು ನಾನೇ ಒಮ್ಮೆ, ಭಾರತೀಯ ಸಂಸ್ಕೃತಿಯ ಪರವಾಗಿ, ಕೇಳಿದೆ.

"ನಮಸ್ಕಾರದಲ್ಲಿ ಒಂದು ಕೈ ಇನ್ನೊಂದು ಕೈನ ಮುಚ್ಚಿಡುತ್ತೆ ಸಾರ್. ಕೈ ಕೊಟ್ಟೋರು ಸುಳ್ಳು ಹೇಳೋಕಾಗಲ್ಲ" ಅಂದರು. ಸಂಜೆ ಕಚೇರಿಗೆ ಹೋಗಿ ಬರೆದಿಡುತ್ತಿದ್ದರಂತೆ: ಯಾರಿಗೆ, ಯಾವ ಬೆರಳು, ಎಷ್ಟು ಗೆಣ್ಣು.

ಅವರದು ಬಾಗಲಗುಂಟೆಯ ಮೂಲ ಒಕ್ಕಲು ಮನೆತನ. ಕಾರ್ಖಾನೆಗಳು ಬರುವ ಮೊದಲು ಅಲ್ಲಿ ರಾಗಿ ಬೆಳೆಯುತ್ತಿದ್ದವರು, ಬಂದ ಮೇಲೆ ಮನೆಗಳನ್ನು ಬೆಳೆದರು. ಅಣ್ಣಂದಿರು ಮೂವರೂ ಬಾಡಿಗೆಮನೆಗಳ ಯಜಮಾನರು. ತಂಗಿ ಮಾತ್ರ ಆ ಬಾಡಿಗೆದಾರರ ಕೈ ಹಿಡಿದು ಬೆರಳು ನೋಡುತ್ತಾ ತಿರುಗುತ್ತಾಳೆ ಎನ್ನುವುದು ಮನೆಯಲ್ಲಿ ಅಷ್ಟು ಹೆಮ್ಮೆಯ ವಿಷಯವಾಗಿರಲಿಲ್ಲ. ಇಂಥವರು ಮೂವತ್ತೆಂಟನೇ ವಯಸ್ಸಿನಲ್ಲಿ, ವಿದ್ಯಾರ್ಥಿವೇತನ ಸಿಕ್ಕರೆ ಪರದೇಶಕ್ಕೆ ಹೋಗಿ ಒಂದು ವರ್ಷ ಅಭಿವೃದ್ಧಿಶಾಸ್ತ್ರ ಓದುತ್ತೇನೆಂದು ಘೋಷಿಸಿದರು. ನಾನು ಅವರ ಮನೆಗೆ ಹೋಗಿದ್ದ ದಿನ ಅವರ ತಾಯಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

"ಏನ್ ಓದಕ್ಕಂತೆ ಸ್ವಾಮಿ ಇವ್ಳು ಓಗದು?"

"ಬಡತನ ಯಾಕೆ ಬರುತ್ತೆ, ಹೆಂಗೆ ಹೋಗುತ್ತೆ ಅಂತ ಓದ್ತಾರಂತೆ ಅಮ್ಮ."

ಮುದುಕಿ ಒಂದು ಕಾಯಿ ಪೂರ್ತಿ ಸುಲಿದು ಕಾಳನ್ನು ಬಟ್ಟಲಿಗೆ ಹಾಕಿ, "ಬಡತನ ಓದಕ್ಕೆ ವಿಮಾನ ಅತ್ಕೊಂಡು ಅಲ್ಲಿಗ್ ಯಾಕೋಗ್ಬೇಕು? ಇಲ್ಲೇ ಐತಲ್ಲ ಬೇಕಾದಂಗೆ" ಅಂದರು. ಮಗಳು ಆಗ ಒಳಗಿನಿಂದ ಕೊಟ್ಟ ಉತ್ತರ ಇದು: "ಇಲ್ಲಿ ಇದ್ರೆ ಕಣ್ಣಿಗೆ ತೀರಾ ಹತ್ರ ಆಗ್ಬಿಡುತ್ತೆ ಕಣಮ್ಮ. ಅಕ್ಷರ ಮೂಗಿಗೆ ತಾಗಿಸ್ಕೊಂಡ್ರೆ ಓದಕ್ಕಾಗುತ್ತಾ?"

ಅರ್ಜಿಯ ಜೊತೆಗೆ ಕೈಗಾರಿಕೆಯವರೊಬ್ಬರ ಶಿಫಾರಸು ಪತ್ರ ಬೇಕಿತ್ತು. ನಮ್ಮ ಶಾಪಿನ ಯಜಮಾನರು ಒಪ್ಪಿ, ಬರೆಯುವ ಭಾರವನ್ನು ಸಂಪ್ರದಾಯದಂತೆ ನನಗೆ ವಹಿಸಿದರು. ನಾನು ನನಗೆ ಗೊತ್ತಿದ್ದ ಅತ್ಯುತ್ತಮ ಇಂಗ್ಲಿಷಿನಲ್ಲಿ, ಈಕೆ ಗೌರವಸ್ಥ ಮನೆತನದವರು, ಸನ್ನಡತೆಯುಳ್ಳವರು, ನನಗೆ ಬಂಧುವಲ್ಲ, ಇವರ ಮೇಲೆ ಯಾವ ಪೊಲೀಸ್ ಮೊಕದ್ದಮೆಯೂ ಇಲ್ಲ ಎಂದು ದೃಢೀಕರಿಸಿ ಕೊಟ್ಟೆ. ಮೇಡಂ ಓದಿ, ನಗು ತಡೆದುಕೊಂಡು, "ಸಾರ್, ಇದನ್ನ ನೋಡಿದ್ರೆ ಅವ್ರು ಸೀಟ್ ಕೊಡಲ್ಲ, ಗಂಡು ಹುಡುಕ್ತಾರೆ. ನನ್ನ ದೋಷ ಒಂದಾದ್ರೂ ಬರೀರಿ, ಅವ್ರು ಅದನ್ನೇ ಕೇಳಿರೋದು" ಅಂದರು.

ಶಿಫಾರಸಿನಲ್ಲಿ ದೋಷ ಬರೆಯುವುದೆಂದರೆ ನನ್ನ ಮೂವತ್ತು ವರ್ಷದ ಗುಮಾಸ್ತಗಿರಿಗೆ ವಿರುದ್ಧ. ಎರಡು ದಿನ ಯೋಚಿಸಿ, "ಒಮ್ಮೆ ಉತ್ತರ ಕೊಟ್ಟ ಪ್ರಶ್ನೆಯನ್ನೇ ಇವರು ಮತ್ತೆ ಮತ್ತೆ ಕೇಳುತ್ತಾರೆ, ಇದರಿಂದ ಕಚೇರಿಯ ಸಮಯ ಹಾಳಾಗುತ್ತದೆ" ಎಂದು ಸೇರಿಸಿದೆ. ಸೀಟು ಸಿಕ್ಕಿತು. ಆ ಒಂದು ವಾಕ್ಯದಿಂದಲೇ ಸಿಕ್ಕಿತೆಂದು ಅವರು ಇಂದಿಗೂ ಹೇಳುತ್ತಾರೆ. ನಾನು ಅಲ್ಲಗಳೆಯಲಿಲ್ಲ.

ಓದಲು ಹೋದ ಮೇಲೆ ಅಲ್ಲಿಂದ ನನಗೆ ಇ-ಮೇಲ್ ಬರುತ್ತಿತ್ತು. ದಾಸರಹಳ್ಳಿಯ ಸೈಬರ್ ಕೆಫೆಗೆ ಹೋಗಿ ಅಚ್ಚು ಹಾಕಿಸಿಕೊಂಡು, ಅವರ ತಾಯಿಗೆ ಕನ್ನಡದಲ್ಲಿ ಹೇಳಿ ಬರುವುದು ನನ್ನ ಭಾನುವಾರದ ಕೆಲಸ. ಚಳಿಯ ವಿಚಾರ ಒಂದು ಸಾಲು, ಊಟದ ವಿಚಾರ ಅರ್ಧ ಸಾಲು, ಉಳಿದದ್ದೆಲ್ಲ ಜನರ ವಿಚಾರ. ತರಗತಿಯಲ್ಲಿ ಇಪ್ಪತ್ತು ದೇಶದವರು. ಹಾಸ್ಟೆಲಿನಲ್ಲಿ ಎಲ್ಲರಿಗೂ ಒಂದೇ ಅಡುಗೆಮನೆ. ಕುಮಾಸಿಯಿಂದ ಬಂದ ಸಹಪಾಠಿಯೊಬ್ಬ ಒಂದು ದಿನ ಇವರು ಕೈ ಕುಲುಕುವ ರೀತಿ ನೋಡಿ, "ನಿಮ್ಮ ಊರಿನಲ್ಲಿ ಯಾವ ಯಂತ್ರ?" ಎಂದು ಕೇಳಿದನಂತೆ. ಅವನ ತಂದೆ ಮರದ ಮಿಲ್ಲಿನಲ್ಲಿ ಮೂರು ಬೆರಳು ಕೊಟ್ಟವರು. "ಸಾರ್, ನಾನು ಪೀಣ್ಯದ ಕಷ್ಟ ಪೀಣ್ಯದ್ದು ಮಾತ್ರ ಅಂದ್ಕೊಂಡಿದ್ದೆ" ಎಂದು ಬರೆದಿದ್ದರು. ನಾನು ಇದನ್ನು ಓದಿ ಹೇಳಿದಾಗ ಅವರ ತಾಯಿ, "ಅವ್ರೂ ನಮ್ಮಂಗೇ ಅಂತ ತಿಳ್ಕಣಕ್ಕೆ ಇಷ್ಟು ದೂರ ಓಗ್ಬೇಕಾಯ್ತಲ್ಲ" ಎಂದು ಹೇಳಿ, ನನ್ನ ಕೈಯ ಕಾಗದ ಮಡಿಸಿಟ್ಟುಕೊಂಡು, "ಆ ಉಡ್ಗ ಊಟ ಮಾಡ್ತಾನಂತಾ ಸರಿಯಾಗಿ?" ಎಂದು ವಿಚಾರಿಸಿದರು.

ಓದಿನ ಕಡೆಯಲ್ಲಿ ಅವರು ಬರೆದ ಪ್ರಬಂಧದ ಸಾರವನ್ನೂ ಕಳಿಸಿದ್ದರು. ವಿಷಯ ನಮ್ಮಂಥ ಪ್ರೆಸ್ ಶಾಪುಗಳು. ಪ್ರತಿ ಯಂತ್ರಕ್ಕೂ ಎರಡು ಗುಂಡಿ ಇಡಬೇಕು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಯಂತ್ರ ಇಳಿಯಬೇಕು. ಆಗ ಎರಡು ಕೈಯೂ ಗುಂಡಿಯ ಮೇಲಿರುತ್ತವೆ, ಬೆರಳು ಉಳಿಯುತ್ತವೆ. ವರ್ಷಪೂರ್ತಿ ಅಪಘಾತವಿಲ್ಲದ ಶಾಪಿಗೆ ಒಂದು ಪ್ರಮಾಣಪತ್ರ ಕೊಡಬೇಕು. ಹೊರದೇಶದ ಖರೀದಿದಾರರು ಅದನ್ನು ನೋಡಿ ಆರ್ಡರ್ ಕೊಡಬೇಕು. ಮಾಲೀಕನಿಗೂ ಲಾಭ, ಕೆಲಸಗಾರನಿಗೂ ಲಾಭ. ಓದಿದಾಗ ನನಗೆ, ಇಷ್ಟು ಸರಳವಾದದ್ದು ನಮಗೇಕೆ ಹೊಳೆಯಲಿಲ್ಲ ಅನಿಸಿತು.

ಆ ಪ್ರಬಂಧವೇ ಅವರ ಮುಂದಿನ ದಾರಿಯಾಯಿತು. ಓದು ಮುಗಿಸಿ ಬಂದ ಕೆಲವೇ ದಿನಗಳಲ್ಲಿ ಒಂದು ಅಂತರರಾಷ್ಟ್ರೀಯ ಸಂಸ್ಥೆ ಅವರನ್ನು ಕೆಲಸಕ್ಕೆ ಸೇರಿಸಿಕೊಂಡು, ಪೀಣ್ಯದಲ್ಲೇ ಯೋಜನೆ ನಡೆಸಿ ತೋರಿಸಿ ಎಂದಿತು. ಯಂತ್ರಗಳಿಗೆ ಎರಡೆರಡು ಗುಂಡಿ ಬಂದವು. ಗೋಡೆಗಳಿಗೆ ಫಲಕ ಬಂದವು. ಮೇಡಂಗೆ ಕಾರು, ಚಾಲಕ ಬಂದರು. ನಮ್ಮ ಶಾಪಿನಲ್ಲಿ ಅಪಘಾತದ ಪುಸ್ತಕವೊಂದನ್ನು ಇಟ್ಟು ಅದನ್ನು ನನ್ನ ಸುಪರ್ದಿಗೆ ಕೊಡಲಾಯಿತು. ನನ್ನ ಅಕ್ಷರ ದುಂಡಗೆ. ಪರದೇಶದಿಂದ ಬಂದ ಒಬ್ಬ ಮಹನೀಯರು ಆ ಪುಸ್ತಕದ ಫೋಟೋ ತೆಗೆದುಕೊಂಡು ಹೋದರು. ಅದರ ಪುಟಗಳು ಬಹುಪಾಲು ಖಾಲಿಯಾಗಿದ್ದುದೇ ಅವರಿಗೆ ಮೆಚ್ಚುಗೆಯಾಯಿತು. ಖಾಲಿ ಪುಟಕ್ಕೆ ಹೊಗಳಿಸಿಕೊಂಡ ಗುಮಾಸ್ತ ಪೀಣ್ಯದಲ್ಲಿ ನಾನೊಬ್ಬನೇ ಇರಬೇಕು.

ಈಗ ಆ ಖಾಲಿ ಪುಟಗಳ ಗುಟ್ಟು ಹೇಳಬೇಕು. ನಮ್ಮಲ್ಲಿ ಕೆಲಸ ತುಂಡಿನ ಲೆಕ್ಕ. ಹೆಚ್ಚು ತುಂಡು ಮಾಡಿದವನಿಗೆ ಹೆಚ್ಚು ಕೂಲಿ. ಎರಡು ಕೈ ಗುಂಡಿಯ ಮೇಲಿದ್ದರೆ ತಗಡು ಇಡುವವರು ಯಾರು? ಕೆಲಸಗಾರರು ವಾರದೊಳಗೆ ಒಂದು ಗುಂಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಅದನ್ನು ಶಾಶ್ವತವಾಗಿ ಒತ್ತಿಟ್ಟರು. ಇನ್ನೊಂದನ್ನು ಮಾತ್ರ ಒತ್ತಿದರೆ ಸಾಕು, ಮೊದಲಿನಂತೆ ಒಂದು ಕೈ ಖಾಲಿ. ಗೇಟಿಗೆ ಕಾರು ಬಂದರೆ ಕಾವಲುಗಾರ ತೂಗುಹಾಕಿದ್ದ ಕಬ್ಬಿಣದ ತುಂಡಿಗೆ ಒಂದು ಏಟು ಹೊಡೆಯುತ್ತಿದ್ದ. ಅಷ್ಟರಲ್ಲಿ ಟ್ಯೂಬುಗಳೆಲ್ಲ ಜೇಬು ಸೇರುತ್ತಿದ್ದವು. ಯಾರದಾದರೂ ಬೆರಳು ಹೋದರೆ ಯಜಮಾನರು ಖಾಸಗಿ ಆಸ್ಪತ್ರೆಗೆ ಕಳಿಸಿ, ನನ್ನ ಕಡೆ ನೋಡಿ, "ಊರಿಗೆ ಹೋಗಿದ್ದಾನೆ ಅಂತ ಬರ್ಕೊಳಿ" ಎನ್ನುತ್ತಿದ್ದರು. ನಾನು ರಜೆ ಪುಸ್ತಕದಲ್ಲಿ, ದುಂಡಗೆ, ಹಾಗೇ ಬರೆಯುತ್ತಿದ್ದೆ. ಅಪಘಾತದ ಪುಸ್ತಕದಲ್ಲಿ ದಾಖಲಾದರೆ ಪ್ರಮಾಣಪತ್ರ ಹೋಗುತ್ತದೆ, ಆರ್ಡರ್ ಹೋಗುತ್ತದೆ. ಇಡೀ ರಸ್ತೆಯ ಶಾಪುಗಳಲ್ಲಿ ಇದೇ ಪದ್ಧತಿ. ತಪ್ಪೆಂದು ನನಗೆ ತೋರಲಿಲ್ಲ ಎಂದರೆ ಸುಳ್ಳಾಗುತ್ತದೆ. ತೋರಿತು, ಅಭ್ಯಾಸವಾಯಿತು.

ಮೇಡಂಗೆ ಮೂರು ವರ್ಷ ಇದು ತಿಳಿಯಲಿಲ್ಲ. ಕಾರಿನಲ್ಲಿ ಬರುತ್ತಿದ್ದರು, ಜೊತೆಗೆ ಅತಿಥಿಗಳು, ಯಜಮಾನರೇ ಎದುರುಗೊಂಡು ಹಾರ ಹಾಕಿ ನಡೆಸಿಕೊಂಡು ಹೋಗುತ್ತಿದ್ದರು. ಕೈ ಕುಲುಕಲು ಪುರುಸೊತ್ತಿರಲಿಲ್ಲ, ದೂರದಿಂದ ನಮಸ್ಕಾರ. ಯೋಜನೆ ಗೆದ್ದಿತೆಂದು ಎಲ್ಲ ಪುಸ್ತಕಗಳೂ ಹೇಳಿದವು. ಇನ್ನು ನಾಲ್ಕು ದೇಶಗಳಿಗೆ ವಿಸ್ತರಿಸುವುದು, ಅದರ ಮುಖ್ಯಸ್ಥರಾಗಿ ಇವರು ಕೇಂದ್ರ ಕಚೇರಿಗೆ ಹೋಗುವುದು ನಿಶ್ಚಯವಾಯಿತು. ಅವರ ಅಂತಿಮ ವರದಿ ಮೇಲಿನವರ ಕೈ ಸೇರಿದರೆ ಒಪ್ಪಂದಕ್ಕೆ ಸಹಿ ಬೀಳುವುದೊಂದೇ ಬಾಕಿ.

ವರದಿ ಕಳಿಸುವ ಮೊದಲು ಒಮ್ಮೆ ಎಲ್ಲರಿಗೂ ಹೇಳಿ ಹೋಗೋಣವೆಂದು ಬಂದರು. ಆ ದಿನ ಚಾಲಕ ರಜೆ. ಹಳೆಯ ರೂಢಿಯಂತೆ ಬಸ್ಸಿನಲ್ಲಿ ಬಂದು ನಡೆದರು. ನಡೆದು ಬಂದವರಿಗೆ ಕಾವಲುಗಾರ ಏಟು ಹೊಡೆಯುವುದಿಲ್ಲ. ನೇರ ಒಳಗೆ ಬಂದರು. ಟ್ಯೂಬುಗಳು ಗುಂಡಿಗಳ ಮೇಲೇ ಇದ್ದವು.

ನಾನು ನನ್ನ ಗಾಜಿನ ಕೋಣೆಯಿಂದ ನೋಡುತ್ತಿದ್ದೆ. ಅವರು ಒಂದು ಟ್ಯೂಬನ್ನು ಬೆರಳಿನಿಂದ ಎಳೆದು ನೋಡಿದರು. ಮೊದಲ ಯಂತ್ರದವನ ಮುಂದೆ ನಿಂತು ಕೈ ಚಾಚಿದರು. "ಅದನ್ನೂ ಕೊಡಿ." ಎಡಗೈ ತೋರುಬೆರಳು ಅರ್ಧ ಇರಲಿಲ್ಲ.

"ಇದೆಲ್ಲಿ ಹೋಯ್ತಣ್ಣ?"

"ಊರಾಗ ಹೋತ್ರೀ ಮೇಡಂ. ಕಬ್ಬಿನ ಗಾಣದಾಗ."

ಎರಡನೆಯವನೂ ಊರಿನಲ್ಲಿ, ಕಬ್ಬಿನ ಗಾಣದಲ್ಲಿ ಅಂದ. ಅವನದು ಕಬ್ಬು ಅಪರೂಪವಾದ ಕೋಲಾರದ ಕಡೆ. ನಾಲ್ಕನೆಯವನು ಪ್ರಶ್ನೆ ಕೇಳುವ ಮುಂಚೆಯೇ ಗಾಣ ಎಂದುಬಿಟ್ಟ. ಈ ಉತ್ತರವನ್ನು ಅವರಿಗೆ ಕಲಿಸಿಕೊಟ್ಟದ್ದು ನಾನಲ್ಲ, ಮೇಲ್ವಿಚಾರಕ. ಆದರೆ ಅವನು ಹೇಳಿಕೊಡುವಾಗ ನಾನು ಕೇಳಿಸಿಕೊಂಡಿದ್ದೆ.

ಮೇಡಂ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತರು. ಮುಖ ಬಿಳಿಚಿತ್ತು. ಮಾತು ಮಾತ್ರ ಎಂದಿನಂತೆ.

"ಕರ್ನಾಟಕದಲ್ಲಿ ಇಷ್ಟೊಂದು ಗಾಣ ಇದ್ದಿದ್ರೆ ಸಕ್ಕರೆ ಕಾರ್ಖಾನೆ ಯಾಕ್ ಬೇಕಿತ್ತು ಸಾರ್?"

ಮೇಜಿನ ಮೇಲಿದ್ದ ಅಪಘಾತದ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು.

"ನಿಮ್ಮ ಪುಸ್ತಕದಲ್ಲಿ ಮೂರು ವರ್ಷಕ್ಕೆ ಒಂದೇ ಒಂದು ಗಾಯ ಇದೆ. ಅದೂ ಕ್ಯಾಂಟೀನ್ ಅಡುಗೆಯವ್ರದ್ದು."

ಯಜಮಾನರು ಆ ದಿನ ಊರಲ್ಲಿರಲಿಲ್ಲ. ಇದ್ದಿದ್ದರೆ ನಾನು ಏನು ಮಾಡುತ್ತಿದ್ದೆನೋ, ಯೋಚಿಸಲು ಇಷ್ಟವಿಲ್ಲ. ಬೀರುವಿನಿಂದ ರಜೆ ಪುಸ್ತಕ ತೆಗೆದು ಮೇಜಿನ ಮೇಲಿಟ್ಟು, "ಊರಿಗೆ ಹೋದೋರು ಎಷ್ಟು ಜನ, ಎಷ್ಟು ದಿನ ಅಂತ ನೋಡಿ ಮೇಡಂ" ಎಂದೆ. ಅವರು ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೋಡಿದರು. ಒಮ್ಮೆ ಮಾತ್ರ ತಲೆಯೆತ್ತಿ, "ಅಕ್ಷರ ಎಷ್ಟು ಚೆನ್ನಾಗಿದೆ ಸಾರ್ ನಿಮ್ದು" ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಚಹಾ ತರಿಸಿದೆ. ಕುಡಿಯಲಿಲ್ಲ. ಪರದೇಶದ ಮೇಲಧಿಕಾರಿಗೆ ಫೋನು ಮಾಡಲು ಹೊರಗೆ ಹೋಗಿ, ಗೇಟಿನ ಬಳಿಯ ಹೊಂಗೆ ಮರದ ಕೆಳಗೆ ಬಹಳ ಹೊತ್ತು ಮಾತಾಡಿ ಬಂದರು.

"ಸಹಿ ಆಗ್ಲಿ, ಆಮೇಲೆ ಬರೀರಿ ಅಂತಿದ್ದಾರೆ. ಈಗ ಬರೆದ್ರೆ ನಾಲ್ಕು ದೇಶದ ಕೆಲ್ಸಾನೂ ನಿಲ್ಲುತ್ತೆ, ನನ್ನ ಹುದ್ದೇನೂ ಇರಲ್ಲ ಅಂತ."

ನಾನು ಗುಮಾಸ್ತರ ಪರಂಪರಾಗತ ಜ್ಞಾನವನ್ನೆಲ್ಲ ಒಟ್ಟುಗೂಡಿಸಿ ಹೇಳಿದೆ: "ಸರಿಯಾಗೇ ಹೇಳಿದ್ದಾರಲ್ಲ. ಮೊದ್ಲು ಹುದ್ದೆ ಗಟ್ಟಿ ಮಾಡ್ಕೊಳ್ಳಿ. ಸತ್ಯ ಎಲ್ಲಿಗೂ ಓಡಿಹೋಗಲ್ಲ. ಒಂದಾರು ತಿಂಗಳು ಬಿಟ್ಟು ಬರೀರಿ."

"ಆ ಆರು ತಿಂಗಳಲ್ಲಿ ನಾಲ್ಕು ದೇಶದಲ್ಲಿ ನಿಮ್ಮಂಥೋರು ಎಷ್ಟು ಜನ ದುಂಡಗೆ ಬರೀತಾರೆ ಸಾರ್? ಬೆರಳು ಹೋಗಿದ್ದನ್ನ ಮುಚ್ಚಿಡೋಕೆ ಮೊದಲು ಇವ್ರಿಗೆ ಕಾರಣ ಇರ್ಲಿಲ್ಲ. ಪ್ರಮಾಣಪತ್ರ ಅಂತ ಕಾರಣ ಮಾಡ್ಕೊಟ್ಟೋಳು ನಾನು. ಅಲ್ಲಿ ಕೂತು ಪ್ರಬಂಧ ಬರೆದು, ಅದಕ್ಕೆ ಚಪ್ಪಾಳೆ ಬೇರೆ ತಟ್ಟಿಸ್ಕೊಂಡೆ."

ಅವರು ಹೊಸ ವರದಿಯನ್ನು ನನ್ನ ಕೋಣೆಯಲ್ಲೇ ಶುರು ಮಾಡಿದರು. ನಮ್ಮ ಶಾಪಿನ ಹೆಸರಾಗಲಿ ನನ್ನ ಹೆಸರಾಗಲಿ ಅದರಲ್ಲಿ ಬರಲಿಲ್ಲ. ಹೆಸರು ಬಂದದ್ದು ಒಬ್ಬರದೇ. ಈ ವಿಧಾನ ತಪ್ಪು, ಇದನ್ನು ರೂಪಿಸಿದವಳು ನಾನು, ತಪ್ಪು ಎಲ್ಲಿ ಆಯಿತೆಂದರೆ ಇಲ್ಲಿ, ಎಂದು ತಮ್ಮದೇ ಪ್ರಬಂಧದ ಪುಟಸಂಖ್ಯೆ ಕೊಟ್ಟು ಬರೆದಿದ್ದರು. ಪರದೇಶಕ್ಕೆ ಹೋಗಿ ಓದಿ ಬಂದವರು ತಮ್ಮ ಪದವಿಯನ್ನು ಹೆಸರಿನ ಮುಂದೆ ಹಾಕಿಕೊಳ್ಳುವುದನ್ನು ನೋಡಿದ್ದೇನೆ. ಅದನ್ನು ಅಡ್ಡಗೀಟು ಹಾಕಿ ತಿದ್ದಿದವರನ್ನು ನೋಡಿದ್ದು ಅದೇ ಮೊದಲು.

ಯೋಜನೆ ನಿಂತಿತು. ಹುದ್ದೆ ಹೋಯಿತು. ಕಾರು ಹಿಂದಿರುಗಿತು. ಅಣ್ಣಂದಿರು, "ಬಾಡಿಗೆ ಮನೇಲಿ ಒಂದು ಬಿಟ್ಕೊಡ್ತೀವಿ, ಸುಮ್ನೆ ಇರು" ಅಂದರಂತೆ. ಒಂದು ವರ್ಷ ಹೆಚ್ಚುಕಮ್ಮಿ ಸುಮ್ಮನಿದ್ದರು. ಬಾಗಲಗುಂಟೆಯ ತರಕಾರಿ ಅಂಗಡಿಯ ಮುಂದೆ ಸಿಕ್ಕರೆ ಹುರುಳಿಕಾಯಿಯ ಬೆಲೆಯ ಬಗ್ಗೆ ಮಾತಾಡುತ್ತಿದ್ದರು. ಒಬ್ಬ ಅಂತರರಾಷ್ಟ್ರೀಯ ವ್ಯಕ್ತಿಯ ಜೊತೆ ಹುರುಳಿಕಾಯಿ ಮಾತಾಡುವುದು ನನಗೆ ಕಷ್ಟವಾಗುತ್ತಿತ್ತು, ಅದರಲ್ಲೂ ಅವರು ಆ ಸ್ಥಿತಿಗೆ ಬಂದದ್ದರಲ್ಲಿ ನನ್ನ ಪಾಲೂ ಇದ್ದಾಗ.

ಆ ವರದಿಯನ್ನು ಯಾರೂ ಪ್ರಕಟಿಸಲಿಲ್ಲ. ಮೇಡಂ ಅದನ್ನು ಹಳೆಯ ಅಡುಗೆಮನೆಯ ಗೆಳೆಯರಿಗೆಲ್ಲ ಕಳಿಸಿದ್ದರು. ಕುಮಾಸಿಯ ಆ ಸಹಪಾಠಿ ಅಷ್ಟರಲ್ಲಿ ತನ್ನ ಊರಿನ ಮರದ ಮಿಲ್ಲುಗಳಲ್ಲಿ ಕೆಲಸ ಮಾಡುವ ಒಂದು ಸಂಸ್ಥೆ ಕಟ್ಟಿದ್ದನಂತೆ. ಅವನ ಉತ್ತರವನ್ನು ಮೇಡಂ ನನಗೆ ತೋರಿಸಿದರು. ಎರಡೇ ಸಾಲು: ನಮಗೆ ಗೆದ್ದವರು ಬೇಡ, ಅವರು ಬೇಕಾದಷ್ಟು ಇದ್ದಾರೆ. ಎಲ್ಲಿ ತಪ್ಪಿತೆಂದು ಗೊತ್ತಿರುವವರು ಬೇಕು, ಬನ್ನಿ. ಮೇಡಂ ಅವರ ತಾಯಿ ಅಷ್ಟರಲ್ಲಿ ತೀರಿಕೊಂಡಿದ್ದರು. ಇದ್ದಿದ್ದರೆ ಆ ಹುಡುಗ ಊಟ ಸರಿಯಾಗಿ ಮಾಡುತ್ತಾನೋ ಇಲ್ಲವೋ ನೋಡಿಕೊಂಡು ಬಾ ಎಂದು ಕಳಿಸುತ್ತಿದ್ದರು. ಮೇಡಂ ಹೋದರು. ಮೂರು ತಿಂಗಳಿಗೆಂದು ಹೋದವರು ಕೆಲಸದಿಂದ ನಿವೃತ್ತರಾಗುವವರೆಗೆ ಅಲ್ಲೇ ಉಳಿದರು.

ಅವರು ಹೋದ ಮರುವರ್ಷ, ನನ್ನ ಸೇವೆಯ ಕೊನೆಯ ದಿನಗಳಲ್ಲಿ, ನಮ್ಮ ಆರನೇ ಯಂತ್ರದಲ್ಲಿ ಒಬ್ಬನ ಎರಡು ಬೆರಳು ಹೋದವು. ಯಜಮಾನರು ವಾಡಿಕೆಯಂತೆ ನನ್ನ ಕಡೆ ನೋಡಿದರು. ನಾನು ಅಪಘಾತದ ಪುಸ್ತಕ ತೆಗೆದು, ದಿನ, ಗಂಟೆ, ಯಂತ್ರ, ಬೆರಳು, ಎಲ್ಲವನ್ನೂ ಬರೆದು, ಸಹಿಗೆಂದು ಅವರ ಮುಂದಿಟ್ಟೆ. ಅವರು ಬೆರಳಿಟ್ಟು ಸಾಲು ಸಾಲಾಗಿ ಓದಿದರು. "ಇನ್ನೆಷ್ಟು ತಿಂಗಳಿದೆ ನಿಮ್ದು ಇಲ್ಲಿ?" ಎಂದು ಕೇಳಿದರು. ನಾಲ್ಕು ಅಂದೆ. ನಾಲ್ಕು ತಿಂಗಳ ಗುಮಾಸ್ತನ ಜೊತೆ ಜಗಳವೇಕೆ ಎನಿಸಿತೇನೋ, ಪೆನ್ನು ತೆಗೆದು ಸಹಿ ಹಾಕಿದರು. ಅದರಿಂದ ಆ ಕೆಲಸಗಾರನಿಗೆ ಸರ್ಕಾರಿ ವಿಮೆಯ ಪರಿಹಾರಕ್ಕೆ ಹಕ್ಕು ಬಂತು. ಆ ಪುಸ್ತಕ ಬಂದ ಮೇಲೆ ನಮ್ಮ ಶಾಪಿನಲ್ಲಿ ಬೆರಳಿಗೆ ಪರಿಹಾರ ಎಂಬುದು ಅದೇ ಮೊದಲು.

ಆ ಸಂಜೆ ಮೇಡಂಗೆ ಎರಡು ಪುಟದ ಇ-ಮೇಲ್ ಬರೆದೆ. ಯಜಮಾನರ ಮುಖ ಹೇಗಾಯಿತು, ನನ್ನ ಕೈ ಹೇಗೆ ನಡುಗಲಿಲ್ಲ, ಶಾಪಿನಲ್ಲಿ ಎಂಥ ಮೌನ ಕವಿಯಿತು, ಯಾವ ಶಾಯಿಯಲ್ಲಿ ಬರೆದೆ, ಒಂದನ್ನೂ ಬಿಡಲಿಲ್ಲ. ಬರೆದು ಮುಗಿಸಿದಾಗ ನನಗೇ ನನ್ನ ಬಗ್ಗೆ ಗೌರವ ಹುಟ್ಟಿತ್ತು. ಶಹಭಾಸ್ ಎಂಬ ಒಂದು ಮಾತನ್ನಾದರೂ ನಿರೀಕ್ಷಿಸಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ.

ಮರುದಿನ ಉತ್ತರ ಬಂತು. ಒಂದೇ ಸಾಲು.

"ಅವರ ಹೆಸರೇನು ಸಾರ್?"

ನಾನು ಕಳಿಸಿದ್ದನ್ನು ಮತ್ತೆ ಮೊದಲಿನಿಂದ ಓದಿದೆ. ಎರಡು ಪುಟದಲ್ಲಿ ಅದೊಂದು ಇರಲಿಲ್ಲ. ಪುಸ್ತಕದಲ್ಲಿ ಬರೆದಿದ್ದೆ, ಪತ್ರದಲ್ಲಿ ನೆನಪಾಗಿರಲಿಲ್ಲ. ಉತ್ತರ ಬರೆಯಲು ಕೂತೆ, ಹೆಸರು ಬರೆದೆ, ಅಷ್ಟೇ ಕಳಿಸಲು ಮನಸ್ಸಾಗಲಿಲ್ಲ. ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಹೋದೆ. ಮೂವತ್ತೇಳು ವರ್ಷದ ನೌಕರಿಯಲ್ಲಿ ಗಾಯವಾದವನೊಬ್ಬನನ್ನು ನೋಡಲು ನಾನು ಹೋದದ್ದು ಅದೇ ಮೊದಲು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಅವನ ಹೆಂಡತಿ ಕೊಟ್ಟ ಬಾಳೆಹಣ್ಣು ತಿಂದು, ಮಾತಾಡಿಸಿ ಬಂದ ಮೇಲೆ ಮೇಡಂಗೆ ಬರೆದೆ: ಹೆಸರು ಮಲ್ಲಿಕಾರ್ಜುನ. ಹಾವೇರಿ ಕಡೆಯವನು. ಎರಡು ಹೆಣ್ಣುಮಕ್ಕಳು. ನೋವು ಇವತ್ತು ಸ್ವಲ್ಪ ಕಡಿಮೆ ಅಂತ ಹೇಳಿದ.